ಸ್ವಇಚ್ಛೆಯಿಂದ ಬರೆದುಕೊಟ್ಟ ಪತ್ರ

ಹಕ್ಕು ಬಿಡುಗಡೆ ಪತ್ರವನ್ನು ನೀವು ಎಂದಾದರೂ ಪೂರ್ತಿ ಓದಿದ್ದೀರಾ? ಅದಕ್ಕೆ ಸಹಿ ಹಾಕುವ ಹೆಣ್ಣುಮಕ್ಕಳಲ್ಲೇ ಓದುವವರು ಕಡಿಮೆ. ಪತ್ರ ಬರಹಗಾರರ ಕಂಪ್ಯೂಟರಿನಲ್ಲಿ ಒಕ್ಕಣೆ ಮೊದಲೇ ತಯಾರಿರುತ್ತದೆ. ಹೆಸರು, ಸರ್ವೆ ನಂಬರು, ಚೆಕ್ಕುಬಂದಿ ಬದಲಾಯಿಸಿದರೆ ಹತ್ತು ನಿಮಿಷದ ಕೆಲಸ. ಆದರೆ ಎಲ್ಲಾ ಪತ್ರಗಳಲ್ಲೂ ಬದಲಾಗದೆ ಉಳಿಯುವ ಒಂದು ಮಾತಿದೆ: ನಾನು ಮನಃಪೂರ್ವಕವಾಗಿ, ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಈ ಪತ್ರ ಬರೆದುಕೊಟ್ಟಿರುತ್ತೇನೆ.

ಈ ವಾಕ್ಯದಲ್ಲಿರುವ ‘ನಾನು’ ಯಾರು? ಆ ‘ಇಚ್ಛೆ’ ಎಲ್ಲಿಂದ ಬಂತು? ಸ್ತ್ರೀವಾದ ಅಂದರೆ ಸಭೆಯಲ್ಲಿ ಭಾಷಣ ಮಾಡುವವರ ವಿಷಯ, ನಮಗೂ ಅದಕ್ಕೂ ಏನು ಸಂಬಂಧ ಎನ್ನುವವರು ತುಂಬ ಜನ. ನನಗೆ ಮಾತ್ರ ಅದು ಸಬ್‌ರಿಜಿಸ್ಟ್ರಾರ್ ಕಚೇರಿಯ ಬಾಗಿಲಲ್ಲೇ ನಿಂತಿರುವ ಪ್ರಶ್ನೆಯಂತೆ ಕಾಣುತ್ತಿದೆ. ಯಾಕೆಂದರೆ ಅಂಥದ್ದೇ ಒಂದು ಪತ್ರದ ಕರಡು ಈಗ ನನ್ನ ಮೊಬೈಲಿನಲ್ಲಿದೆ.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರು. ಊರು ಬಳ್ಳಾರಿ ಹತ್ತಿರದ ಕೊಳಗಲ್ಲು. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ತಾತನ ಕಾಲದ ಆರು ಎಕರೆ ಎರೆ ಹೊಲ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಅಣ್ಣ ಊರಲ್ಲೇ ಇದ್ದು ಬೇಸಾಯ ಮಾಡುತ್ತಾನೆ. ಜೋಳ, ಹತ್ತಿ, ನೀರು ನೋಡಿಕೊಂಡು ಮೆಣಸಿನಕಾಯಿ. ಖಾತೆ ಬದಲಾಗದೆ ಬ್ಯಾಂಕಿನಲ್ಲಿ ಅವನಿಗೆ ಸಾಲ ಹುಟ್ಟುತ್ತಿಲ್ಲ. "ನಿಂಗೇನು ಕಮ್ಮಿ ಐತಿ ಹೇಳವ್ವ? ಒಂದು ಸಹಿ ತಾನೆ" ಅಂದ. ಮಾತಿನಲ್ಲಿ ಕೋಪ ಇರಲಿಲ್ಲ, ಬೆದರಿಕೆಯೂ ಇರಲಿಲ್ಲ. ಇಲ್ಲ ಅನ್ನುವುದು ಕಷ್ಟವಾಗುವುದು ಅದಕ್ಕೇ.

ಒಂದೇ ಗುಂಡಿ ಇದ್ದರೆ

ನನ್ನ ಕೆಲಸದಲ್ಲಿ ‘ಒಪ್ಪಿಗೆ’ ದಿನಾ ಬರುವ ಮಾತು. ಯಾವುದೇ ಆ್ಯಪ್ ಹಾಕಿಕೊಂಡರೂ ನಿಬಂಧನೆಗಳ ಉದ್ದ ಪಟ್ಟಿ ತೋರಿಸಿ ‘ಒಪ್ಪುತ್ತೇನೆ’ ಎಂಬ ಗುಂಡಿ ಒತ್ತಿಸುತ್ತಾರಲ್ಲ, ಅದನ್ನು ಬರೆಯುವವರು ನಮ್ಮಂಥವರೇ. ಒಪ್ಪುವ ಗುಂಡಿ ದೊಡ್ಡದಾಗಿ ಹಸಿರು ಬಣ್ಣದಲ್ಲಿರುತ್ತದೆ. ಒಪ್ಪದಿರುವ ದಾರಿ ಮೂರು ಪುಟ ಒಳಗೆ, ಕಣ್ಣಿಗೆ ಬೀಳದ ಬೂದು ಅಕ್ಷರದಲ್ಲಿ. ಗುಂಡಿ ಒತ್ತಿದವರ ಬೆರಳು ಅವರದೇ, ನಿಜ. ಆದರೆ ಬೆರಳು ಯಾವ ಕಡೆ ಹೋಗಬೇಕು ಅಂತ ಪರದೆ ಬಿಡಿಸಿದವರು ಮೊದಲೇ ತೀರ್ಮಾನ ಮಾಡಿರುತ್ತಾರೆ.

ಇನ್ನೊಂದು ಮಾತು ‘ಡೀಫಾಲ್ಟ್’. ನೀವು ಏನೂ ಆರಿಸದಿದ್ದರೆ ತಾನಾಗೇ ಜಾರಿಗೆ ಬರುವ ವ್ಯವಸ್ಥೆ ಅದು. ಬಳಸುವವರಲ್ಲಿ ಬಹಳ ಜನ ಅದನ್ನು ಬದಲಾಯಿಸುವುದೇ ಇಲ್ಲ. ನಮ್ಮ ಮನೆಗಳಲ್ಲಿ ಹೊಲದ ಡೀಫಾಲ್ಟ್ ಗಂಡುಮಕ್ಕಳು. ಗಂಡುಮಗ ತನ್ನ ಪಾಲಿಗಾಗಿ ಯಾವ ವಾದವನ್ನೂ ಮಂಡಿಸಬೇಕಿಲ್ಲ. ಮಗಳು ತನ್ನ ಪಾಲು ಇಟ್ಟುಕೊಳ್ಳಬೇಕಾದರೆ ಕಾರಣ ಹೇಳಬೇಕು: ಗಂಡ ಬಿಟ್ಟಿದ್ದಾನಾ, ಸಾಲ ಆಗಿದೆಯಾ, ಅತ್ತೆ ಮನೆಯವರು ಕಿವಿ ಊದಿದ್ದಾರಾ? ಯಾರು ಕಾರಣ ಹೇಳಬೇಕು, ಯಾರು ಹೇಳಬೇಕಿಲ್ಲ ಎನ್ನುವುದನ್ನು ನೋಡಿದರೆ ಸಾಕು, ಅಧಿಕಾರ ಯಾರ ಕೈಲಿದೆ ಎಂದು ತಿಳಿಯುತ್ತದೆ.

ನಮ್ಮೂರಿನ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಬರುವುದು ಒಂದು ಶಾಸನದಿಂದ. ರಾಷ್ಟ್ರಕೂಟರ ಮೂರನೇ ಕೃಷ್ಣ ತೀರಿಕೊಂಡು ಅವನ ತಮ್ಮ ಖೊಟ್ಟಿಗ ಪಟ್ಟಕ್ಕೆ ಬಂದದ್ದನ್ನು ತಿಳಿಸುವ, ಕ್ರಿ.ಶ. 967ರ ಕೊಳಗಲ್ಲು ಶಾಸನ. ಅಣ್ಣನಿಂದ ತಮ್ಮನಿಗೆ ರಾಜ್ಯ! ಸಾವಿರ ವರ್ಷ ದಾಟಿದರೂ ನಮ್ಮೂರ ಪಹಣಿಗಳ ಕಥೆ ಅದಕ್ಕಿಂತ ಬಹಳ ಮುಂದೆ ಹೋಗಿಲ್ಲ ಅಂತ ಗೆಳತಿಯರ ಹತ್ತಿರ ತಮಾಷೆ ಮಾಡುತ್ತಿರುತ್ತೇನೆ.

ಗಡಿಯ ಆಚೆ, ಗಡಿಯ ಈಚೆ

ಕಾನೂನು ಮಾತ್ರ ಬಹಳ ಮುಂದೆ ಬಂದಿದೆ. ಬಳ್ಳಾರಿಯವರಿಗೆ ಈ ಕಥೆಯಲ್ಲಿ ಒಂದು ವಿಚಿತ್ರ ಜಾಗವಿದೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದು, ಮನೆ ಪಾಲಾಗುವಾಗ ತಾಯಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಒಂದಿಷ್ಟು ಪಾಲು ಸಿಗುವಂತೆ ಮಾಡಿತು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಹಾಗಾಗಿ ಆ ಕಾಯ್ದೆ ನಮ್ಮ ಅಜ್ಜಿಯರನ್ನು ಮುಟ್ಟಲಿಲ್ಲ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳನ್ನು ಅಪ್ಪನ ವಾರಸುದಾರಳು ಎಂದಿತು. ಆದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಬರುವುದು ಗಂಡುಮಕ್ಕಳಿಗೆ ಮಾತ್ರ ಎಂಬುದು ಹಾಗೇ ಉಳಿಯಿತು. ಆಂಧ್ರಪ್ರದೇಶ 1986ರ ತಿದ್ದುಪಡಿಯಲ್ಲಿ ಅದನ್ನು ಬದಲಾಯಿಸಿತು. ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಆ ನಡುವಿನ ವರ್ಷಗಳಲ್ಲಿ ರಾಯದುರ್ಗ, ಗುಂತಕಲ್ಲು, ಆಲೂರಿನ ಮನೆಮಗಳಿಗೆ ಇದ್ದ ಹಕ್ಕು ಬಳ್ಳಾರಿ, ಸಿರುಗುಪ್ಪದ ಮನೆಮಗಳಿಗೆ ಇರಲಿಲ್ಲ. ಎರಡೂ ಕಡೆ ಮಾತಾಡುವ ಭಾಷೆಗಳು ಒಂದೇ, ಹೆಣ್ಣು ಕೊಟ್ಟು ತರುವ ಮನೆಗಳೂ ಒಂದೇ! ಕರ್ನಾಟಕದ ತಿದ್ದುಪಡಿ ಬಂದಾಗಲೂ ಅದಕ್ಕೂ ಮೊದಲು ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು.

2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಮದುವೆಯ ಆ ಬೇಲಿಯನ್ನು ಕಿತ್ತುಹಾಕಿತು. ಆ ದಿನ ಅಪ್ಪ ಬದುಕಿರಬೇಕಿತ್ತೇ ಇಲ್ಲವೇ ಎಂಬ ಗೊಂದಲ ಮುಂದೆ ಹದಿನೈದು ವರ್ಷ ಎಳೆದಾಡಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತೆರೆ ಎಳೆಯಿತು. ಮಗಳ ಹಕ್ಕು ಹುಟ್ಟಿನಿಂದ ಬರುವಂಥದ್ದು, ಅದಕ್ಕೆ ಆ ದಿನ ಅಪ್ಪ ಬದುಕಿರಬೇಕೆಂದಿಲ್ಲ ಎಂದಿತು.

ಅಂದರೆ ಈಗ ಹೆಣ್ಣುಮಗಳಿಗೆ ಹಕ್ಕು ಇಲ್ಲ ಎನ್ನುವವರು ಯಾರೂ ಇಲ್ಲ. ಹಕ್ಕು ಇರುವುದರಿಂದಲೇ ‘ಹಕ್ಕು ಬಿಡುಗಡೆ’ ಪತ್ರ ಬೇಕಾಗುತ್ತದೆ. ಮೊದಲು ಕಾನೂನೇ ಬಾಗಿಲು ಹಾಕಿತ್ತು. ಈಗ ಬಾಗಿಲು ತೆರೆದಿದೆ, ಅದನ್ನು ಒಳಗಿನಿಂದ ನಾವೇ ಹಾಕಿಕೊಳ್ಳಬೇಕು.

ಪಂಚಮಿಗೆ ಕರೆಯಲು ಬರುವವರು

ನನ್ನ ಸೋದರತ್ತೆಯೊಬ್ಬರು ಬಹಳ ಹಿಂದೆ ಸಹಿ ಹಾಕಿದವರು. ಯಾಕೆ ಹಾಕಿದಿರಿ ಎಂದು ಕೇಳಿದೆ. "ಹೊಲ ಏನ್ ತಿಂತೀನಾ ತಾಯಿ? ಪಂಚಮಿಗೆ ಕರಿಯಾಕ ಬರೋರು ಬೇಕಲ್ಲ" ಅಂದರು.

ನಮ್ಮ ಕಡೆ ನಾಗರ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗುವುದು, ಉಂಡಿ, ಜೋಕಾಲಿ, ಹೊರಡುವಾಗ ಉಡಿ ತುಂಬಿ ಸೀರೆ-ಕುಬುಸ. ಇದನ್ನೆಲ್ಲ ಲೆಕ್ಕದ ಮಾತಿನಲ್ಲಿ ‘ಒಂದು ಸೀರೆಗೆ ಎರಡೆಕರೆ ಕೊಟ್ಟಳು’ ಎಂದು ನಗುವುದು ಸುಲಭ. ಹಾಗೆ ನಗುವವರಿಗೆ ಅತ್ತೆಯ ಲೆಕ್ಕ ಗೊತ್ತಿಲ್ಲ. ಅವರ ಮದುವೆಯಾದ ಊರಲ್ಲಿ ಅವರಿಗೆ ತಮ್ಮದು ಅನ್ನುವ ಮನೆ ಇರಲಿಲ್ಲ. ಗಂಡನಿಗೆ ಏನಾದರೂ ಆದರೆ, ಮನೆಯಲ್ಲಿ ಜಗಳವಾದರೆ, ಹೆರಿಗೆಗೆ, ಕಾಯಿಲೆಗೆ ಹೋಗಿ ನಿಲ್ಲಲು ಇದ್ದದ್ದು ಒಂದೇ ಹೊಸ್ತಿಲು. ಆ ಹೊಸ್ತಿಲ ಕೀಲಿಕೈ ಅಣ್ಣನ ಬಳಿ ಇತ್ತು.

ಅರ್ಥಶಾಸ್ತ್ರಜ್ಞೆ ಬೀನಾ ಅಗರ್‌ವಾಲ್ 1994ರಲ್ಲಿ ‘ಎ ಫೀಲ್ಡ್ ಆಫ್ ಒನ್ಸ್ ಓನ್’ ಎಂಬ ದೊಡ್ಡ ಪುಸ್ತಕ ಬರೆದರು. ವರ್ಜೀನಿಯಾ ವುಲ್ಫ್ 1929ರಲ್ಲಿ ಬರೆಯುವ ಹೆಣ್ಣಿಗೆ ತನ್ನದೇ ಒಂದು ಕೋಣೆ ಬೇಕು ಎಂದಿದ್ದರೆ, ದಕ್ಷಿಣ ಏಷ್ಯಾದ ಹೆಣ್ಣಿಗೆ ತನ್ನದೇ ಒಂದು ಹೊಲ ಬೇಕು ಎನ್ನುವುದು ಇವರ ಮಾತು. ಹೆಣ್ಣುಮಕ್ಕಳು ಪಾಲು ಬಿಟ್ಟುಕೊಡುವುದು ಬರೀ ಮುಗ್ಧತೆಯಿಂದಲ್ಲ, ಅಣ್ಣತಮ್ಮಂದಿರ ಆಸರೆ ಕೈತಪ್ಪದಿರಲಿ ಎಂದು ಎನ್ನುವುದನ್ನು ಅವರು ವಿವರವಾಗಿ ತೋರಿಸುತ್ತಾರೆ. ನಮ್ಮತ್ತೆ ಆ ಪುಸ್ತಕ ಓದಿಲ್ಲ. ಅದರ ಸಾರವನ್ನು ಒಂದೇ ಮಾತಿನಲ್ಲಿ ಹೇಳಿದರು!

ಟರ್ಕಿ ಮೂಲದ ಡೆನಿಜ್ ಕಂಡಿಯೋಟಿ 1988ರ ಒಂದು ಲೇಖನದಲ್ಲಿ ಇಂಥ ನಡೆಗೆ ಒಂದು ಹೆಸರು ಕೊಟ್ಟರು: ಪಿತೃಪ್ರಾಧಾನ್ಯದ ಜೊತೆ ಚೌಕಾಶಿ. ಪ್ರತಿ ಸಮಾಜದಲ್ಲೂ ಹೆಣ್ಣಿಗೆ ಕೆಲವು ಕಟ್ಟುಪಾಡುಗಳಿರುತ್ತವೆ. ಆ ಕಟ್ಟುಪಾಡಿನೊಳಗೇ ತನಗೆ ಸಿಗಬಹುದಾದ ರಕ್ಷಣೆ ಎಷ್ಟು, ಅದಕ್ಕೆ ತೆರಬೇಕಾದ ಬೆಲೆ ಎಷ್ಟು ಎಂದು ಅವಳು ತೂಗಿ ನೋಡುತ್ತಾಳೆ. ಸೊಸೆಯಾಗಿದ್ದಾಗ ತಾಳಿಕೊಂಡರೆ ಮುಂದೆ ಅತ್ತೆಯಾದಾಗ ತನ್ನ ಕೈ ಮೇಲಾಗುತ್ತದೆ ಎನ್ನುವುದೂ ಇಂಥದ್ದೇ ಲೆಕ್ಕ. ಈ ಮಾತು ನನಗೆ ಹಿಡಿಸಿದ್ದು ಯಾಕೆಂದರೆ, ಇದು ಸಹಿ ಹಾಕಿದ ಹೆಣ್ಣನ್ನು ದಡ್ಡಿ ಅನ್ನುವುದಿಲ್ಲ. ಅವಳ ಬುದ್ಧಿ ಚುರುಕಾಗೇ ಇದೆ, ಆದರೆ ಸಂತೆಯಲ್ಲಿ ಅವಳಿಗೆ ತೋರಿಸಿದ ಸರಕು ಎರಡೇ: ಹೊಲ ಅಥವಾ ತವರು. ಅಣ್ಣನಿಗೆ ಎರಡೂ ಸಿಗುತ್ತವೆ. ಅವನು ಆರಿಸಿಕೊಳ್ಳಬೇಕಿಲ್ಲ.

ಕಾವಲು ಗೋಪುರ ಇರುವುದು ಎಲ್ಲಿ?

ಹಾಗಾದರೆ ಇದರಲ್ಲಿ ಬಲಪ್ರಯೋಗ ಮಾಡಿದವರು ಯಾರು? ಹುಡುಕಿದರೆ ಯಾರೂ ಸಿಗುವುದಿಲ್ಲ. ಅಣ್ಣ ಹೊಡೆದಿಲ್ಲ, ಅವ್ವ ಗದರಿಲ್ಲ, ಪಂಚಾಯ್ತಿ ಸೇರಿಲ್ಲ. ಆದರೂ ಇಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ಈ ಒಗಟನ್ನು ಬಿಡಿಸಲು ಫ್ರಾನ್ಸಿನ ಮಿಶೆಲ್ ಫುಕೋ ಎಂಬ ಚಿಂತಕ ನೆರವಾಗುತ್ತಾನೆ.

1975ರಲ್ಲಿ ಬಂದ ಅವನ ಪುಸ್ತಕವೊಂದು ಜೈಲುಗಳ ಇತಿಹಾಸದ ಕುರಿತದ್ದು. ಜೆರೆಮಿ ಬೆಂಥಮ್ ಎಂಬ ಇಂಗ್ಲಿಷ್ ಚಿಂತಕ ಹದಿನೆಂಟನೇ ಶತಮಾನದ ಕೊನೆಗೆ ಒಂದು ಜೈಲಿನ ನಕ್ಷೆ ಮಾಡಿದ್ದ. ಸುತ್ತ ದುಂಡಗೆ ಕೋಣೆಗಳು, ನಡುವೆ ಒಂದು ಗೋಪುರ. ಗೋಪುರದಿಂದ ಎಲ್ಲಾ ಕೈದಿಗಳೂ ಕಾಣುತ್ತಾರೆ, ಕೈದಿಗಳಿಗೆ ಮಾತ್ರ ಗೋಪುರದ ಒಳಗೆ ಯಾರಿದ್ದಾರೆ ಎಂದು ಕಾಣದು. ಯಾವಾಗ ನೋಡುತ್ತಿದ್ದಾರೋ ಗೊತ್ತಿಲ್ಲದ್ದರಿಂದ ಸದಾ ನೋಡುತ್ತಿದ್ದಾರೆ ಎಂದುಕೊಂಡೇ ಕೈದಿ ನಡೆದುಕೊಳ್ಳುತ್ತಾನೆ. ಕೊನೆಗೆ ಗೋಪುರದಲ್ಲಿ ಯಾರೂ ಇಲ್ಲದಿದ್ದರೂ ಕೆಲಸ ನಡೆಯುತ್ತದೆ, ಯಾಕೆಂದರೆ ಕಾವಲುಗಾರ ಈಗ ಕೈದಿಯ ತಲೆಯೊಳಗೇ ಕೂತಿದ್ದಾನೆ.

ನಮ್ಮೂರಿಗೆ ಅಂಥ ಗೋಪುರ ಕಟ್ಟುವ ಖರ್ಚೇ ಬೇಕಿಲ್ಲ, ದೇವಸ್ಥಾನದ ಕಟ್ಟೆ ಸಾಕು. ಕಟ್ಟೆ ಮೇಲೆ ಕೂತವರು ಏನಂದಾರು ಎನ್ನುವುದು ಬೆಂಗಳೂರಿನ ಹದಿಮೂರನೇ ಮಹಡಿಯಲ್ಲಿ ಕೂತ ನನಗೂ ಕೇಳಿಸುತ್ತದೆ. ‘ಓದಿಸಿದ್ದಕ್ಕೆ ಅಣ್ಣನ ಮೇಲೆ ಪಾಲು ಕೇಳಿದಳು.’ ಯಾರೂ ಹಾಗೆ ಅಂದಿಲ್ಲ. ಅಂದರೆ ಹೇಗಿರುತ್ತದೆ ಎಂದು ನಾನೇ ಅವರ ದನಿಯಲ್ಲಿ ನನಗೆ ಹೇಳಿಕೊಳ್ಳುತ್ತಿರುತ್ತೇನೆ.

ಅಧಿಕಾರ ಎಂದರೆ ಬರೀ ‘ಬೇಡ’ ಎಂದು ತಡೆಯುವುದಲ್ಲ, ಅದು ಒಂದು ಬಗೆಯ ಮನುಷ್ಯರನ್ನು ತಯಾರು ಮಾಡುತ್ತದೆ ಎನ್ನುವುದು ಫುಕೋನ ವಾದ. ‘ಒಳ್ಳೆಯ ಮಗಳು’ ಎಂಬುದು ಹಾಗೆ ತಯಾರಾದದ್ದು. ತಟ್ಟೆಯಲ್ಲಿ ದೊಡ್ಡ ರೊಟ್ಟಿ ಅಣ್ಣನಿಗೆ ಬಿಡುವುದು, ಜಗಳದಲ್ಲಿ ಮೊದಲು ಸುಮ್ಮನಾಗುವುದು, ಕೇಳುವ ಮೊದಲೇ ಬಿಟ್ಟುಕೊಟ್ಟು ಹೊಗಳಿಸಿಕೊಳ್ಳುವುದು. ಇಪ್ಪತ್ತೈದು ವರ್ಷ ಇದರಲ್ಲಿ ಪಳಗಿದವಳ ಕೈಗೆ ಪೆನ್ನು ಕೊಟ್ಟು ‘ನಿನ್ನ ಇಚ್ಛೆ’ ಅಂದರೆ, ಇಚ್ಛೆ ಆಗಲೇ ದಾರಿ ಹಿಡಿದಿರುತ್ತದೆ. ಹಾಗೆಂದು ಅವಳ ಪ್ರೀತಿ ಸುಳ್ಳಲ್ಲ. ಅಣ್ಣನ ಮೇಲೆ ನನಗಿರುವ ಪ್ರೀತಿಯೂ ಸುಳ್ಳಲ್ಲ. ಪ್ರೀತಿ ನಿಜವಾಗಿರುವುದರಿಂದಲೇ ಈ ವ್ಯವಸ್ಥೆ ಇಷ್ಟು ಸಲೀಸಾಗಿ ನಡೆಯುತ್ತದೆ.

ಮಗಳು ಮಗನಾದ ಕಥೆ, ಮಗ ಮಗಳಾದ ಕಥೆ

ಬಳ್ಳಾರಿ ಸೀಮೆಯಲ್ಲಿ ಹೆಣ್ಣಿಗೆ ಅಪ್ಪನ ಆಸ್ತಿ ಬರುತ್ತಿದ್ದ ಒಂದು ಹಳೆಯ ದಾರಿ ಇತ್ತು ಎಂದರೆ ಹಲವರಿಗೆ ಆಶ್ಚರ್ಯವಾಗಬಹುದು. ಅದು ಬಸವಿ ಬಿಡುವ ಪದ್ಧತಿ. ಮದ್ರಾಸ್ ಪೊಲೀಸ್ ಇಲಾಖೆಯಲ್ಲಿದ್ದ ಫ್ರೆಡ್ ಫಾಸೆಟ್ 1890ರ ದಶಕದ ಆರಂಭದಲ್ಲಿ ಬಸವಿಯರ ಬಗ್ಗೆ ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ, ದೇವರಿಗೆ ಬಿಡುವುದರ ಮೂಲಕ ಗಂಡಸಿನ ಹಕ್ಕುಗಳನ್ನು ಪಡೆಯುವ ಹೆಂಗಸರು ಎಂಬ ಮಾತಿದೆ. ಡಬ್ಲ್ಯೂ. ಫ್ರಾನ್ಸಿಸ್ ಸಿದ್ಧಪಡಿಸಿದ 1904ರ ಬಳ್ಳಾರಿ ಗೆಜೆಟಿಯರ್ ಕೂಡ ಈ ಪದ್ಧತಿಯನ್ನು ದಾಖಲಿಸಿದೆ. ಕೆಲವು ಸಮುದಾಯಗಳಲ್ಲಿ ಗಂಡುಸಂತಾನ ಇಲ್ಲದವರು ಒಬ್ಬ ಮಗಳನ್ನು ಬಸವಿ ಬಿಡುತ್ತಿದ್ದರು. ಅವಳು ಮದುವೆಯಾಗದೆ ಅಪ್ಪನ ಮನೆಯಲ್ಲೇ ಉಳಿಯುತ್ತಿದ್ದಳು, ಅಪ್ಪನ ಉತ್ತರಕ್ರಿಯೆ ಮಾಡುತ್ತಿದ್ದಳು, ಮಗನ ಹಾಗೆ ಆಸ್ತಿಗೆ ಹಕ್ಕುದಾರಳಾಗುತ್ತಿದ್ದಳು.

ಇದನ್ನು ಹಿಂದಿನ ಕಾಲದ ಸ್ತ್ರೀ ಸ್ವಾತಂತ್ರ್ಯ ಎಂದು ಕೊಂಡಾಡಿದರೆ ಆ ಹೆಣ್ಣುಗಳಿಗೆ ಅನ್ಯಾಯ ಮಾಡಿದ ಹಾಗೆ. ಆಡುವ ವಯಸ್ಸಿನ ಹುಡುಗಿಯನ್ನು ಯಾರೂ ಅವಳ ಇಚ್ಛೆ ಕೇಳುತ್ತಿರಲಿಲ್ಲ. ಅವಳು ತೆತ್ತದ್ದು ತನ್ನ ದೇಹವನ್ನು, ತನ್ನ ಮದುವೆಯನ್ನು. ಮದ್ರಾಸ್ ಸರ್ಕಾರ 1947ರಲ್ಲಿ, ಕರ್ನಾಟಕ 1982ರಲ್ಲಿ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸುವ ಕಾಯ್ದೆ ಮಾಡಬೇಕಾಯಿತು. ಆದರೆ ಈ ಪದ್ಧತಿ ಒಂದು ಗುಟ್ಟನ್ನು ಬಿಟ್ಟುಕೊಡುತ್ತದೆ. ಹೆಣ್ಣಿನ ಮೈಗೆ ಆಸ್ತಿ ದಕ್ಕುವುದಿಲ್ಲ ಎನ್ನುವುದು ಪ್ರಕೃತಿಯ ನಿಯಮವೇ ಆಗಿದ್ದರೆ ಬಸವಿಗೂ ದಕ್ಕಬಾರದಿತ್ತು. ಅವಳ ಮೈ ಬದಲಾಗಲಿಲ್ಲ, ಪಾತ್ರ ಬದಲಾಯಿತು. ಹೊಲ ‘ಮಗ’ ಎಂಬ ಪಾತ್ರಕ್ಕೆ ಅಂಟಿಕೊಂಡಿತ್ತು. ಆ ಪಾತ್ರ ತುಂಬಲು ಗಂಡು ಸಿಗದಿದ್ದಾಗ ಹೆಣ್ಣನ್ನೇ ಗಂಡೆಂದು ಕರೆದು ಕೂರಿಸಿದರು.

ಇದರ ತಿರುವುಮುರುವು ಕಥೆಯೂ ನಮ್ಮ ಪಕ್ಕದಲ್ಲೇ ಇದೆ. ಮಂಜಮ್ಮ ಜೋಗತಿ ಹುಟ್ಟಿದ್ದು ಕುರುಗೋಡು ತಾಲ್ಲೂಕಿನ ಕಲ್ಲುಕಂಬದಲ್ಲಿ, ಮಂಜುನಾಥ ಎಂಬ ಗಂಡುಮಗನಾಗಿ. ತಾನು ಹೆಣ್ಣು ಎಂಬುದು ಒಳಗಿನಿಂದ ಗಟ್ಟಿಯಾದಾಗ ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿದರು. ಆಮೇಲೆ ಮನೆ ಬಿಟ್ಟು, ಭಿಕ್ಷೆ ಬೇಡಿ, ಸಾಯಲು ಹೋಗಿ ಬದುಕಿ, ಕಾಳವ್ವ ಜೋಗತಿಯವರ ಬಳಿ ಜೋಗತಿ ನೃತ್ಯ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, ಆ ಕುರ್ಚಿಯಲ್ಲಿ ಕೂತ ಮೊದಲ ಲಿಂಗತ್ವ ಅಲ್ಪಸಂಖ್ಯಾತರು ಅವರು. 2021ರಲ್ಲಿ ಪದ್ಮಶ್ರೀ ಬಂತು. ಅವರ ಆತ್ಮಕಥನದ ಹೆಸರು ‘ನಡುವೆ ಸುಳಿವ ಹೆಣ್ಣು’. ಒಳಗೆ ಸುಳಿಯುವ ಆತ್ಮಕ್ಕೆ ಗಂಡು-ಹೆಣ್ಣೆಂಬ ಭೇದವಿಲ್ಲ ಎಂದ ಜೇಡರ ದಾಸಿಮಯ್ಯನನ್ನು ನೆನಪಿಸುವ ಹೆಸರದು.

ಒಬ್ಬಳನ್ನು ಮಗನೆಂದು ಕರೆದಾಗ ಆಸ್ತಿ ಬಂತು. ಇನ್ನೊಬ್ಬರು ತಾನು ಮಗನಲ್ಲ ಎಂದಾಗ ಮನೆಯೇ ಬಿಟ್ಟುಹೋಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಸಿಮೋನ್ ದ ಬೊವಾ 1949ರಲ್ಲಿ ‘ಸೆಕೆಂಡ್ ಸೆಕ್ಸ್’ನಲ್ಲಿ ಮಂಡಿಸಿದ ವಿಚಾರ, ಅಂದರೆ ಹೆಣ್ಣಾಗಿ ಯಾರೂ ಹುಟ್ಟುವುದಿಲ್ಲ, ಬೆಳೆಯುತ್ತ ಹೆಣ್ಣಾಗಿಸಲ್ಪಡುತ್ತಾರೆ ಎಂಬುದು, ಪ್ಯಾರಿಸ್ಸಿನಿಂದ ಬಂದ ಸರಕು ಅನ್ನಿಸುವುದಿಲ್ಲ. ಆ ಪುಸ್ತಕವನ್ನು ಎಚ್.ಎಸ್. ಶ್ರೀಮತಿ ಕನ್ನಡಕ್ಕೆ ತಂದಿದ್ದಾರೆ. ಗಂಡು ತಾನೇ ಮನುಷ್ಯನ ಮಾದರಿಯಾಗಿ ನಿಂತು, ಹೆಣ್ಣನ್ನು ‘ಅನ್ಯ’ಳಾಗಿ ಮಾಡಿದ ಎಂಬುದು ಅದರ ತಿರುಳು. ‘ಹೆಣ್ಣುಮಕ್ಕಳು ಕೊಟ್ಟ ಮನೆಗೆ ಸೇರಿದವರು’ ಎಂದು ನಾವು ಅದನ್ನೇ ಇನ್ನೂ ಸರಳವಾಗಿ ಹೇಳುತ್ತೇವೆ.

ಅಣ್ಣನ ಮಾತೂ ಕೇಳಬೇಕು

ಅಣ್ಣನ ಕಡೆಯ ಮಾತನ್ನು ಬಿಟ್ಟರೆ ಈ ಲೇಖನ ಅರ್ಧವಾಗುತ್ತದೆ. ನಾನು ಓದಲು ಹೋದಾಗ ಅವನು ಊರಲ್ಲೇ ಉಳಿದ. ಅಪ್ಪನ ಕಾಯಿಲೆಯ ವರ್ಷಗಳಲ್ಲಿ ಆಸ್ಪತ್ರೆಗೆ ತಿರುಗಿದವನು ಅವನು. ಒಂದು ವರ್ಷ ಮೆಣಸಿನಕಾಯಿಗೆ ರೋಗ, ಇನ್ನೊಂದು ವರ್ಷ ರೇಟು ಇಲ್ಲ. ಸಾಲ ಅವನ ತಲೆಯ ಮೇಲಿದೆ. ಜಂಟಿ ಖಾತೆಯಾದರೆ ಪ್ರತಿ ಸಾಲಕ್ಕೂ ಎಲ್ಲರ ಸಹಿ ಬೇಕು. ನಾಳೆ ನನ್ನ ಮದುವೆಯಾದರೆ ಆ ಮನೆಯವರು ಹೊಲ ಮಾರಿಸಲು ಬಂದರೆ ಎಂಬ ಭಯವೂ ಅವನಿಗಿದೆ. ಇವು ಯಾವುವೂ ನೆಪಗಳಲ್ಲ. ಊರಿನ ಹೊರೆ ಹೊತ್ತವನಿಗೆ ಅದರ ಬೆಲೆ ಸಿಗಬೇಕು, ನಾನೂ ಒಪ್ಪುತ್ತೇನೆ.

ಆದರೆ ಹೊರೆ ಹೊತ್ತವರ ಪಟ್ಟಿ ಮಾಡಲು ಹೊರಟರೆ ಅದರಲ್ಲಿ ಮೊದಲ ಹೆಸರು ಅಣ್ಣನದಲ್ಲ, ಅವ್ವನದು. ನಲವತ್ತು ವರ್ಷ ಆ ಹೊಲದಲ್ಲಿ ಕಳೆ ತೆಗೆದವಳು, ಹತ್ತಿ ಬಿಡಿಸಿದವಳು, ಮೆಣಸಿನಕಾಯಿ ಘಾಟಿಗೆ ಸೆರಗು ಸುತ್ತಿಕೊಂಡು ಕೆಮ್ಮಿದವಳು ಅವಳು. ಕರಡು ಪತ್ರವನ್ನು ನಾನು ಅವಳಿಗೆ ಓದಿ ಹೇಳಿದೆ. ಕೊನೆಯತನಕ ಸುಮ್ಮನೆ ಕೇಳಿ, "ಅದರಾಗ ನನ್ನ ಹೆಸರು ಎಲ್ಲಿ ಬರ್ತೈತಿ?" ಅಂದಳು. ಬಂದಿತ್ತು. ಬಿಟ್ಟುಕೊಡುವವರ ಸಾಲಿನಲ್ಲಿ, ನನ್ನ ಹೆಸರಿಗಿಂತ ಮೇಲೆ!

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ರೇಷನ್ ಕಾರ್ಡಿಗೆ ಮನೆಯ ಹಿರಿಯ ಹೆಣ್ಣುಮಗಳೇ ಮುಖ್ಯಸ್ಥೆ. 2023ರ ಆಗಸ್ಟಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆಯಲ್ಲಿ ತಿಂಗಳಿಗೆ 2,000 ರೂಪಾಯಿ ಬರುವುದೂ ‘ಯಜಮಾನಿ’ಯ ಹೆಸರಿಗೇ. ಆ ಹಣ ಬಂದ ದಿನ ಅವ್ವ ಮೊಬೈಲಿನ ಮೆಸೇಜನ್ನು ಎರಡು ಸಲ ಓದಿಸಿಕೊಳ್ಳುತ್ತಾಳೆ. ರೇಷನ್ ಕಾರ್ಡಿನಲ್ಲಿ ಯಜಮಾನಿ, ಪಹಣಿಯಲ್ಲಿ ಹೆಸರೇ ಇಲ್ಲ. ಮೊದಲನೆಯದು ಸರ್ಕಾರ ಕೊಟ್ಟ ಬಿರುದು, ಸರ್ಕಾರ ಬದಲಾದರೆ ಹೋಗಲೂಬಹುದು. ಎರಡನೆಯದು ಅವಳ ದುಡಿಮೆಯ ನೆಲ.

ನನಗೆ ಆ ಎರಡೆಕರೆ ಬೇಕಾ? ಹೊಟ್ಟೆಪಾಡಿಗೆ ಬೇಕಿಲ್ಲ. ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಸಂಬಳ ಬರುವವಳು ಬಿಟ್ಟುಕೊಟ್ಟರೆ ಏನು ಹೋಗುತ್ತದೆ? ಆದರೆ ನಾನು ಸಹಿ ಹಾಕಿದರೆ ಅವ್ವನಿಗೆ ಬೇಡ ಎನ್ನುವ ಬಾಯಿ ಉಳಿಯುವುದಿಲ್ಲ. ‘ಅಷ್ಟು ಓದಿದ ಮಗಳೇ ಹಾಕಿದಳು, ನಿನಗೇನು?’ ಎನ್ನುತ್ತಾರೆ. ನಾಳೆ ನಮ್ಮ ಓಣಿಯಲ್ಲಿ ಇನ್ನೊಬ್ಬ ಹುಡುಗಿ, ಗಂಡ ಬಿಟ್ಟು ತವರಿಗೆ ಬಂದವಳು, ತನ್ನ ಪಾಲು ಕೇಳಿದಾಗಲೂ ನನ್ನ ಸಹಿಯನ್ನೇ ತೋರಿಸುತ್ತಾರೆ. ಸಹಿ ನನ್ನೊಬ್ಬಳದು, ಅದರ ನೆರಳು ಮಾತ್ರ ನನ್ನೊಬ್ಬಳದಲ್ಲ.

ಹಾಗಾಗಿ ಅಣ್ಣನಿಗೆ ಹೇಳಿದ್ದು ಇಷ್ಟು: ಖಾತೆ ಮೂವರ ಹೆಸರಿಗೂ ಆಗಲಿ, ಅವ್ವನ ಹೆಸರು ಮೊದಲು ಬರಲಿ. ಬೇಸಾಯ ನೀನೇ ಮಾಡು, ಬೆಳೆಯಲ್ಲಿ ನನಗೆ ಕಾಳೂ ಬೇಡ. ಬ್ಯಾಂಕಿನ ಸಹಿಗೆ ರಾತ್ರಿ ಬಸ್ಸು ಹತ್ತಿ ನಾನೇ ಬರ್ತೀನಿ. ಇರುವ ಸಾಲದಲ್ಲಿ ನನ್ನ ಪಾಲಿನದನ್ನು ತೀರಿಸುತ್ತೇನೆ. ಹಕ್ಕು ಮಾತ್ರ ಬಿಡುವುದಿಲ್ಲ. ಅವನು "ಆಯ್ತು ನೋಡೋಣ" ಅಂದಿದ್ದಾನೆ. ಅತ್ತಿಗೆ ಫೋನ್ ಮಾಡುವುದು ಕಡಿಮೆಯಾಗಿದೆ. ಈ ಸಲ ಪಂಚಮಿಗೆ ಕರೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಬರದಿದ್ದರೆ ನಾನೇ ಹೋಗುತ್ತೇನೆ, ಅದು ನನ್ನ ಮನೆಯೂ ಹೌದಲ್ಲ!

ಸಹಿಗೆ ಮುಂಚೆ

ನಿಮ್ಮ ಮನೆಯಲ್ಲೂ ಇಂಥ ಪತ್ರ ತಯಾರಾಗುತ್ತಿರಬಹುದು. ಸಹಿ ಹಾಕಲೇಬೇಡಿ ಎನ್ನುವುದು ನನ್ನ ಮಾತಲ್ಲ. ಯೋಚಿಸಿ, ಪ್ರೀತಿಯಿಂದ, ತನ್ನ ಕಷ್ಟದ ತಮ್ಮನಿಗೆ ಪಾಲು ಬಿಟ್ಟುಕೊಟ್ಟ ಅಕ್ಕಂದಿರನ್ನು ನಾನು ಬಲ್ಲೆ. ಅದು ದಾನ, ಅದಕ್ಕೆ ಬೆಲೆಯಿದೆ. ಆದರೆ ಕೊಡಲು ಮೊದಲು ಅದು ನಮ್ಮದಾಗಿರಬೇಕು. ಆದ್ದರಿಂದ ಮೂರು ಪ್ರಶ್ನೆ ಕೇಳಿಕೊಳ್ಳಿ. ನಾನು ಆಗಲ್ಲ ಅಂದರೂ ನಾಳೆ ಈ ಮನೆಯಲ್ಲಿ ನನಗೆ ಊಟ ಹಾಕುತ್ತಾರಾ? ಇದೇ ಮಾತನ್ನು ನನ್ನ ಅಣ್ಣತಮ್ಮಂದಿರಿಗೂ ಕೇಳಿದ್ದಾರಾ? ಅವ್ವನ ಹೆಸರು ಯಾವ ಸಾಲಿನಲ್ಲಿದೆ?

ಒಂದು ವಿಷಯ ನೆನಪಿರಲಿ. ನೋಂದಣಿಯಾದ ಹಕ್ಕು ಬಿಡುಗಡೆ ಪತ್ರವನ್ನು ಆಮೇಲೆ ರದ್ದು ಮಾಡಿಸುವುದು ಸುಲಭವಲ್ಲ. ಮೋಸವೋ ಒತ್ತಡವೋ ನಡೆದಿತ್ತು ಎಂದು ಕೋರ್ಟಿನಲ್ಲಿ ನೀವೇ ಸಾಬೀತು ಮಾಡಬೇಕು. ಅದಕ್ಕೇ ಪತ್ರವನ್ನು ಮನೆಗೆ ತಂದು ಪೂರ್ತಿ ಓದಿ, ಓದಿಸಿಕೊಳ್ಳಿ. ವಕೀಲರ ಫೀಸಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಯಾವುದೇ ಹೆಣ್ಣುಮಗಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಪ್ರತಿ ಜಿಲ್ಲೆಯಲ್ಲೂ ಕಾನೂನು ಸೇವಾ ಪ್ರಾಧಿಕಾರ ಇದೆ.

ನಮ್ಮ ‘ನಾನು’ ಎಂಬುದು ಒಂಟಿಯಾಗಿ ಹುಟ್ಟಿದ್ದಲ್ಲ. ಅವ್ವ, ಅಣ್ಣ, ಓಣಿ, ಹಬ್ಬ ಎಲ್ಲ ಸೇರಿ ಮಾಡಿದ್ದು. ಅದನ್ನು ಕಿತ್ತು ಹೊರಗೆ ನಿಲ್ಲಲು ನನಗಂತೂ ಆಗದು, ಬೇಕಾಗಿಯೂ ಇಲ್ಲ. ಆದರೆ ಇಷ್ಟೆಲ್ಲ ಜನ ಸೇರಿ ಮಾಡಿದ ಆ ‘ನಾನು’ವಿಗೆ ‘ಹೂಂ’ ಎನ್ನುವುದನ್ನು ಕಲಿಸಿದಷ್ಟೇ ಅಕ್ಕರೆಯಿಂದ ‘ಊಹೂಂ’ ಎನ್ನುವುದನ್ನೂ ಕಲಿಸಬಹುದು. ಹಾಗೆ ಕಲಿತವಳು ಪತ್ರಕ್ಕೆ ಹೂಂ ಅಂದ ದಿನ, ‘ಸ್ವಇಚ್ಛೆಯಿಂದ’ ಎಂಬ ಮಾತು ಪತ್ರ ಬರಹಗಾರರದ್ದಾಗಿ ಉಳಿಯದೆ ಅವಳದೇ ಆಗುತ್ತದೆ.